ಬಾಗ್ದಾದಿಗೆ ಹೊರಟ ಬಸ್ಸು

ವೆಸ್ಟ್ ಇಂಡೀಸ್ ದ್ವೀಪಗಳಿಗೆ ಹಡಗಿನ ಟಿಕೆಟ್ ತೆಗೆಸಿಟ್ಟುಕೊಂಡಿದ್ದ ಮಹಿಳೆಯೊಬ್ಬರು, ಹೊರಡಲು ಎರಡು ದಿನ ಇರುವಾಗ ಲಂಡನ್ನಿನಲ್ಲಿ ಪರಿಚಿತರ ಮನೆಗೆ ಊಟಕ್ಕೆ ಹೋದರು. ಅಲ್ಲಿ ಬಾಗ್ದಾದಿನಲ್ಲಿ ಇದ್ದು ಬಂದ ನೌಕಾಪಡೆಯ ಅಧಿಕಾರಿ ಮತ್ತು ಆತನ ಪತ್ನಿ ಸಿಕ್ಕಿದರು. ಊಟ ಮುಗಿಯುವಷ್ಟರಲ್ಲಿ ಈಕೆಗೆ ಬಾಗ್ದಾದಿನ ಹುಚ್ಚು ಹಿಡಿದಿತ್ತು. ಅಲ್ಲಿಗೆ ಹಡಗಿನಲ್ಲೇ ಹೋಗಬೇಕೆಂದೇನೂ ಇಲ್ಲ, ಓರಿಯಂಟ್ ಎಕ್ಸ್‌ಪ್ರೆಸ್ ರೈಲು ಹಿಡಿದೂ ಹೋಗಬಹುದು ಎಂದು ತಿಳಿದ ಮೇಲಂತೂ ತಡೆಯುವವರೇ ಇರಲಿಲ್ಲ. ಮರುದಿನ ಬೆಳಿಗ್ಗೆ ಪ್ರವಾಸ ಕಂಪನಿಯ ಕಚೇರಿಗೆ ಹೋಗಿ ಟಿಕೆಟ್ ಬದಲಾಯಿಸಿದರು.

ಇದು 1928ರ ಮಾತು. ಆ ಮಹಿಳೆ ಅಗಾಥಾ ಕ್ರಿಸ್ಟಿ. ಪತ್ತೇದಾರಿ ಕಾದಂಬರಿಗಳ ಲೇಖಕಿಯಾಗಿ ಆಗಲೇ ಹೆಸರು ಮಾಡಿದ್ದರು. ಆದರೆ ಮನೆಯ ಬದುಕು ಹಳಿ ತಪ್ಪಿತ್ತು. 1926ರಲ್ಲಿ ತಾಯಿ ತೀರಿಕೊಂಡಿದ್ದರು. ಅದೇ ವರ್ಷ ಗಂಡ ಬೇರೊಬ್ಬಳನ್ನು ಮದುವೆಯಾಗುವ ಮಾತೆತ್ತಿದ್ದ. ಡಿಸೆಂಬರಿನಲ್ಲಿ ಈಕೆ ಹನ್ನೊಂದು ದಿನ ಕಣ್ಮರೆಯಾಗಿ, ಇಂಗ್ಲೆಂಡಿನ ಪತ್ರಿಕೆಗಳಿಗೆಲ್ಲ ಮುಖಪುಟದ ಸುದ್ದಿಯಾಗಿದ್ದರು. 1928ರಲ್ಲಿ ವಿಚ್ಛೇದನವೂ ಆಯಿತು. ಆಗ ವಯಸ್ಸು 38. ಮಗಳು ವಸತಿ ಶಾಲೆಯಲ್ಲಿದ್ದಳು. ಒಬ್ಬಳೇ ಹೋಗಿ ಬದುಕಿ ಬರಬಲ್ಲೆನೇ ಎಂಬುದು ಆಕೆ ತನಗೇ ಹಾಕಿಕೊಂಡ ಪ್ರಶ್ನೆಯಾಗಿತ್ತು.

ರೈಲು ದಮಾಸ್ಕಸ್ ಕಡೆಗೆ ಕರೆತರುತ್ತಿತ್ತು. ಅಲ್ಲಿಂದ ಬಾಗ್ದಾದಿಗೆ 800 ಕಿಲೋಮೀಟರ್ ಮೀರಿದ ಮರುಭೂಮಿ. ಅದನ್ನು ದಾಟಿಸುತ್ತಿದ್ದುದು ನೈರ್ನ್ ಕಂಪನಿಯ ಆರು ಚಕ್ರದ ಬಸ್ಸು.

ಈ ಬಸ್ಸಿನ ಕಥೆ ಲೇಖಕಿಯ ಕಥೆಗಿಂತ ಕಡಿಮೆಯದೇನಲ್ಲ. ನಾರ್ಮನ್ ಮತ್ತು ಜೆರಾಲ್ಡ್ ನೈರ್ನ್ ನ್ಯೂಜಿಲೆಂಡಿನ ಅಣ್ಣತಮ್ಮಂದಿರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ಜೊತೆ ಪ್ಯಾಲೆಸ್ಟೈನಿಗೆ ಬಂದವರು. (1918ರಲ್ಲಿ ಹೈಫಾ ಪಟ್ಟಣವನ್ನು ಗೆದ್ದ ಕುದುರೆ ಪಡೆಗಳಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಇತ್ತೆಂಬುದನ್ನು ಓದುಗರು ಬಲ್ಲರು. ಅದೇ ರಣರಂಗ.) ಯುದ್ಧ ಮುಗಿದ ಮೇಲೆ ಇವರು ಊರಿಗೆ ಮರಳದೆ ಬೈರೂತಿನಲ್ಲಿ ಮೋಟಾರು ವ್ಯವಹಾರಕ್ಕೆ ಇಳಿದರು. ಬೈರೂತ್ ಮತ್ತು ಹೈಫಾ ನಡುವೆ ಬಾಡಿಗೆ ಕಾರು ಓಡಿಸಿದರು. ಕುದುರೆ ಗಾಡಿಯವರ ಸಿಟ್ಟಿಗೂ ಗುರಿಯಾದರು.

1923ರ ಏಪ್ರಿಲಿನಲ್ಲಿ ಬ್ಯೂಕ್, ಓಲ್ಡ್ಸ್‌ಮೊಬೀಲ್, ಲ್ಯಾನ್ಸಿಯ ಎಂಬ ಮೂರು ಕಾರುಗಳ ತಂಡ ದಮಾಸ್ಕಸ್ಸಿನಿಂದ ಹೊರಟು ಮೂರನೆಯ ದಿನ ಬಾಗ್ದಾದ್ ಮುಟ್ಟಿತು. ಒಂಟೆಗಳ ಸಾಲಿಗೆ ವಾರಗಟ್ಟಲೆ ಹಿಡಿಯುತ್ತಿದ್ದ ದಾರಿ ಅದು. ಅದೇ ಅಕ್ಟೋಬರಿನಲ್ಲಿ ಟಪಾಲು ಮತ್ತು ಪ್ರಯಾಣಿಕರ ನಿಯತ ಸಂಚಾರ ಶುರುವಾಯಿತು. ಅಲ್ಲಿಯವರೆಗೆ ಬಾಗ್ದಾದಿನಿಂದ ಲಂಡನ್ನಿಗೆ ಹೋಗುವ ಪತ್ರ ಬಸ್ರಾ ಬಂದರಿನಿಂದ ಮುಂಬಯಿಗೆ ಬಂದು, ಅಲ್ಲಿಂದ ಸೂಯೆಜ್ ಕಾಲುವೆಯ ಮೂಲಕ ಹೋಗಬೇಕಿತ್ತು! ಮುಂಬಯಿಯ ಅಂಚೆ ಕಚೇರಿಗೆ ಆ ಮೂಟೆಗಳ ಭಾರ ತಪ್ಪಿತು.

ಆದರೆ ದಾರಿಯನ್ನು ಕಂಡುಹಿಡಿದವರು ನೈರ್ನ್ ಸೋದರರು ಎಂದು ಬರೆದುಬಿಟ್ಟರೆ ತಪ್ಪಾದೀತು. ಮೊಹಮ್ಮದ್ ಇಬ್ನ್ ಬಸ್ಸಾಂ ಎಂಬ ದಮಾಸ್ಕಸ್ಸಿನ ವ್ಯಾಪಾರಿ ಮೊದಲೇ ಆ ಮರುಭೂಮಿಯಲ್ಲಿ ಚಿನ್ನ ಸಾಗಿಸುತ್ತಿದ್ದ. ಸುಂಕದ ಕಟ್ಟೆಗಳ ಕಣ್ಣಿಗೆ ಬೀಳದ ದಾರಿ ಅವನಿಗೆ ಬೇಕಿತ್ತು. ಬಾವಿಗಳೆಲ್ಲಿ, ಯಾವ ಬುಡಕಟ್ಟಿನ ಶೇಖನ ಸೀಮೆ ಎಲ್ಲಿಗೆ ಮುಗಿಯುತ್ತದೆ ಎಂಬುದು ಅವನ ಕಡೆಯವರಿಗೆ ಗೊತ್ತಿತ್ತು. ಬೆದೂಯಿನರ ಒಪ್ಪಿಗೆ ಇಲ್ಲದೆ ಅಲ್ಲಿ ಒಂದು ಚಕ್ರವೂ ಉರುಳುವಂತಿರಲಿಲ್ಲ. 1925ರಲ್ಲಿ ಸಿರಿಯಾದಲ್ಲಿ ದ್ರೂಜ್ ಬಂಡಾಯ ಎದ್ದಾಗ ಕಂಪನಿ ಕೆಲಕಾಲ ದಮಾಸ್ಕಸ್ ಬಿಟ್ಟು ಬೇರೆ ದಾರಿ ಹಿಡಿಯಬೇಕಾಯಿತು.

ಮರುಭೂಮಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಸಿನಿಮಾದ ಮರಳು ದಿಬ್ಬ. ಸಿರಿಯಾದ ಮರುಭೂಮಿ ಹಾಗಿಲ್ಲ. ಹೆಚ್ಚಿನ ಭಾಗ ಗರಸು ಕಲ್ಲಿನ ಗಟ್ಟಿ ನೆಲ, ನಡುನಡುವೆ ಒಣಗಿ ಚಪ್ಪಟೆಯಾದ ಮಣ್ಣಿನ ಬಯಲು. ರಸ್ತೆಯೇ ಇಲ್ಲದಿದ್ದರೂ ಕಾರು ಓಡುತ್ತಿದ್ದುದು ಈ ಕಾರಣಕ್ಕೆ. ಗುರುತಿಗೆ ಇದ್ದದ್ದು ಹಿಂದೆ ಹೋದ ಗಾಡಿಗಳ ಚಕ್ರದ ಗೆರೆ. ಇನ್ನೂ ದಕ್ಷಿಣಕ್ಕೆ, ಅಮ್ಮಾನಿನಿಂದ ಬಾಗ್ದಾದಿಗೆ ಹಾರುವ ಟಪಾಲು ವಿಮಾನಗಳ ಚಾಲಕರು ದಾರಿ ತಪ್ಪಬಾರದೆಂದು ಬ್ರಿಟಿಷರು 1921ರಲ್ಲಿ ನೇಗಿಲು ಹೂಡಿ ನೆಲದ ಮೇಲೆ ಸಾಲನ್ನೇ ಎಳೆಸಿದ್ದರು. ಬಿತ್ತನೆಗಲ್ಲದೆ ನೇಗಿಲು ಹೂಡಿದ್ದು ಬೇರೆಲ್ಲಾದರೂ ಉಂಟೋ ತಿಳಿಯದು.

ಬೇಸಿಗೆಯ ಹಗಲಿನಲ್ಲಿ ಅಲ್ಲಿ ಲೋಹ ಮುಟ್ಟಿದರೆ ಕೈ ಸುಡುತ್ತದೆ. ಆದರೂ ಚಾಲಕರು ಬಿಸಿಲಿಗೆ ಹೆದರಿದಷ್ಟೇ ಮಳೆಗೂ ಹೆದರುತ್ತಿದ್ದರು. ಒಂದು ಮಳೆ ಬಿದ್ದರೆ ಮಣ್ಣಿನ ಬಯಲು ಕೆಸರುಗದ್ದೆ. ಅಷ್ಟು ಭಾರದ ಬಸ್ಸು ಹೂತರೆ ಎತ್ತುವವರು ಯಾರು? ಕ್ರಿಸ್ಟಿ ಮುಂದೆ ಬರೆದ 'ದಿ ಗೇಟ್ ಆಫ್ ಬಾಗ್ದಾದ್' ಎಂಬ ಸಣ್ಣಕಥೆಯಲ್ಲಿ ಇಂಥದೇ ಬಸ್ಸು ಕೆಸರಿನಲ್ಲಿ ಸಿಕ್ಕಿಬೀಳುತ್ತದೆ, ಒಳಗೆ ಕುಳಿತವನೊಬ್ಬ ಹೆಣವಾಗಿರುವುದು ಆಮೇಲೆ ಗೊತ್ತಾಗುತ್ತದೆ.

ಆಕೆಯ ಸ್ವಂತ ಪ್ರಯಾಣದಲ್ಲಿ ಕೊಲೆ ಏನೂ ಆಗಲಿಲ್ಲ. ಎರಡು ದಿನದ ದಾರಿ. ಸುತ್ತ ಎತ್ತ ನೋಡಿದರೂ ಒಂದೇ ಬಯಲು, ಹೊತ್ತು ಎಷ್ಟಾಯಿತು ಎಂಬುದೂ ತಿಳಿಯದಂಥದ್ದು. ನಡುರಾತ್ರಿಗೆ ರುತ್ಬಾ ಬಂತು. ಬಾವಿಗಳಿದ್ದ ಆ ಜಾಗದಲ್ಲಿ ಒಂದು ಕೋಟೆ. ಕತ್ತಲೆಯಲ್ಲಿ ಬಾಗಿಲು ತೆರೆದರೆ ಎದುರಿಗೆ ಬಂದೂಕು ಹಿಡಿದ ಒಂಟೆ ಪಡೆಯವರು. ಪ್ರಯಾಣಿಕರ ವೇಷದಲ್ಲಿ ಡಕಾಯಿತರು ಬಂದರೋ ಎಂಬ ಅನುಮಾನ. ಪಾಸ್‌ಪೋರ್ಟ್ ನೋಡಿದ ಮೇಲೆ ಒಳಗೆ ಬಿಟ್ಟರು. ಒಂದು ಕೋಣೆಯಲ್ಲಿ ಐದಾರು ಹೆಂಗಸರು, ಮೂರು ಗಂಟೆಯ ನಿದ್ದೆ, ಮತ್ತೆ ಬಸ್ಸು. ನಮ್ಮ ಸರ್ಕಾರಿ ಬಸ್ಸಿನಲ್ಲಿ ರಾತ್ರಿಯೆಲ್ಲ ಕುಳಿತು ಬೀದರಿಗೆ ಹೋದವರಿಗೆ ಆ ಸೊಂಟನೋವನ್ನು ವಿವರಿಸಬೇಕಾಗಿಲ್ಲ.

ಬೆಳಕು ಹರಿಯುವಾಗ ಬಸ್ಸು ನಿಂತಿತು. ಪಂಪ್ ಸ್ಟೌ ಹಚ್ಚಿ, ಡಬ್ಬಿಯಲ್ಲಿ ತಂದ ಸಾಸೇಜು ಬಿಸಿ ಮಾಡಿ, ಕಡು ಚಹಾ ಕಾಸಿದರು. ತಣ್ಣನೆಯ ಗಾಳಿ, ಬಣ್ಣ ಬದಲಿಸುವ ಆಕಾಶ, ಸದ್ದೇ ಇಲ್ಲದ ನೆಲ. ಆತ್ಮಕಥೆಯಲ್ಲಿ ಈ ಬೆಳಗಿನ ತಿಂಡಿಯನ್ನು ಆಕೆ ಬಣ್ಣಿಸುವ ಸಂತೋಷ ನೋಡಿದರೆ, ತಾನೇ ಹಾಕಿಕೊಂಡ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಬಾಗ್ದಾದಿನಲ್ಲಲ್ಲ, ಅಲ್ಲೇ ಎಂದು ನನಗನಿಸುತ್ತದೆ. ಒಂದು ಕೊರತೆಯೂ ಕಾಣುತ್ತದೆ. ಆ ಬರಹದಲ್ಲಿ ಸಹಪ್ರಯಾಣಿಕರಾದ ಇಂಗ್ಲಿಷರ ಗುಣಸ್ವಭಾವ ಸಿಗುತ್ತದೆ. ಕೋಟೆಯ ಕಾವಲುಗಾರರು ಬಂದೂಕಿನ ಆಚೆ ಮನುಷ್ಯರಾಗಿ ಕಾಣುವುದಿಲ್ಲ.

ಕಾಣಿಸಿದ್ದು ಎರಡು ವರ್ಷದ ಮೇಲೆ. 1930ರಲ್ಲಿ ಆಕೆ ಮತ್ತೆ ಇರಾಕಿಗೆ ಹೋದಾಗ, ಊರ್ ಎಂಬಲ್ಲಿ ಉತ್ಖನನದ ಕೆಲಸದಲ್ಲಿದ್ದ ಮ್ಯಾಕ್ಸ್ ಮ್ಯಾಲೊವನ್ ಎಂಬ ತರುಣನನ್ನು ಊರು ತೋರಿಸಲು ಜೊತೆಗೆ ಕಳಿಸಿದರು. ಉಖೈದಿರ್ ಕೋಟೆ ನೋಡಿ ಹಿಂದಿರುಗುವಾಗ, ಉಪ್ಪು ನೀರಿನ ಸರೋವರವೊಂದರಲ್ಲಿ ಈಜಿ ಬಂದು ನೋಡಿದರೆ ಕಾರು ಮರಳಿನಲ್ಲಿ ಹೂತಿತ್ತು. ಅಗೆದರು, ತಳ್ಳಿದರು. ಅದು ಅಲುಗಲಿಲ್ಲ. ಸುಡುಬಿಸಿಲು. ಕ್ರಿಸ್ಟಿ ಗೊಣಗದೆ, ಯಾರನ್ನೂ ದೂರದೆ, ಕಾರಿನ ನೆರಳಿನಲ್ಲಿ ಮಲಗಿ ನಿದ್ದೆ ಹೋದರು. ಈಕೆ ತನಗೆ ತಕ್ಕ ಹೆಂಡತಿ ಎಂದು ಅದೇ ಗಳಿಗೆಯಲ್ಲಿ ನಿರ್ಧರಿಸಿದೆ ಎಂದು ಮ್ಯಾಲೊವನ್ ಆಮೇಲೆ ಹೇಳಿದರಂತೆ. ಅದೇ ಸೆಪ್ಟೆಂಬರಿನಲ್ಲಿ ಮದುವೆಯೂ ಆಯಿತು.

ಈ ಪ್ರಸಂಗವನ್ನು ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ಕಾರನ್ನು ಬಿಡಿಸಿದವರು ಯಾರು ಎಂದು ಕೇಳುವವರು ಕಡಿಮೆ. ಅವರ ಕಾವಲಿಗೆಂದು ಬಂದಿದ್ದವನು ಒಬ್ಬ ಬೆದೂಯಿನ್. ಇದ್ದ ನೀರನ್ನು ಅವರ ಬಳಿಯೇ ಬಿಟ್ಟು, ಮರುಭೂಮಿಯ ಪಡೆಯವರಾದ ತಮಗೆ ಅದು ಬೇಡವೆಂದು ಹೇಳಿ, ನೆರವು ತರಲು ಆ ಬಿಸಿಲಿನಲ್ಲಿ ಕಾಲ್ನಡಿಗೆಯಲ್ಲಿ ಹೊರಟವನು ಆತ. ಕೊನೆಗೆ ಮೈತುಂಬ ಜನರನ್ನು ಹೇರಿಕೊಂಡ ಹಳೇ ಫೋರ್ಡ್ ಕಾರೊಂದು ಬಂತು, ಇವರ ಕಾರು ಮೇಲೆದ್ದಿತು. ಆ ರಾತ್ರಿ ಕರ್ಬಲಾ ತಲುಪಿ, ಪೊಲೀಸ್ ಠಾಣೆಯ ಸೆರೆಕೋಣೆಯಲ್ಲಿ ಲೇಖಕಿಗೆ ಹಾಸಿಗೆ ಹಾಸಿಕೊಟ್ಟರು.