ಕರಡಿಯ ಮುಂದೆ ಸತ್ತಂತೆ ಬೀಳುವುದು: ಒಂದು ನೀತಿಕಥೆಯ ವಿಮರ್ಶೆ

ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯು ಬಯಲುಸೀಮೆಗೆ ಸೇರಿದ ಗ್ರಾಮ. ಬೆಂಗಳೂರಿನ ಪೂರ್ವದ ಅಂಚಿನಲ್ಲಿರುವ ವೈಟ್‌ಫೀಲ್ಡಿಗೆ ಸಮೀಪವಾದ ಈ ಭಾಗದಲ್ಲಿ ಕರಡಿಗೆ ನೆಲೆಯಾಗತಕ್ಕ ಬಂಡೆಗಳ ಬೆಟ್ಟವಾಗಲಿ ದಟ್ಟವಾದ ಕಾಡಾಗಲಿ ಇಲ್ಲ. ಆದರೂ ಇಂಥ ಊರಿನ ಶಾಲೆಯಲ್ಲಿ ನಾಲ್ಕು ತರಗತಿ ಓದಿದ ಬಾಲಕನನ್ನು ಕರೆದು, ಕರಡಿ ಎದುರಾದರೆ ಏನು ಮಾಡಬೇಕೆಂದು ಕೇಳಿದರೆ, ಅವನು ತಡವರಿಸದೆ ಉತ್ತರ ಕೊಡುವನು: ಮರ ಹತ್ತಬೇಕು, ಹತ್ತಲು ಬಾರದಿದ್ದರೆ ಉಸಿರು ಬಿಗಿಹಿಡಿದು ಸತ್ತವನಂತೆ ಬೀಳಬೇಕು. ಹುಲಿಯ ವಿಷಯದಲ್ಲಿಯೂ ಆನೆಯ ವಿಷಯದಲ್ಲಿಯೂ ಇಷ್ಟು ಖಚಿತವಾದ ಉತ್ತರ ಅವನಲ್ಲಿಲ್ಲ. ಕರಡಿಯನ್ನು ಕಂಡೇ ಇಲ್ಲದ ಊರಿನಲ್ಲಿ ಈ ಜ್ಞಾನವು ಎಲ್ಲಿಂದ ಬಂದಿತು, ಅದು ಎಷ್ಟರಮಟ್ಟಿಗೆ ನಂಬತಕ್ಕದ್ದು ಎಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಈ ವಿಚಾರವು ಕೇವಲ ಕುತೂಹಲಕ್ಕೆ ಸೇರಿದುದಲ್ಲ. ಬೆಂಗಳೂರಿನಿಂದಲೂ ಅದರ ಸುತ್ತಣ ಊರುಗಳಿಂದಲೂ ಸಾವಿರಾರು ಯುವಕರು ವಾರದ ಕೊನೆಯಲ್ಲಿ ಬೆಟ್ಟಗಳಿಗೆ ಚಾರಣ ಹೋಗುವರು. ಅವರು ಏರುವ ಸಾವನದುರ್ಗ, ರಾಮನಗರದ ಬೆಟ್ಟಗಳು, ತುಮಕೂರು ಸೀಮೆಯ ದೇವರಾಯನದುರ್ಗ ಇವು ಕರಡಿಯ ನೆಲೆಗಳೂ ಆಗಿವೆ. ಸೂರ್ಯೋದಯವನ್ನು ಶಿಖರದಲ್ಲಿ ನೋಡಬೇಕೆಂದು ಬೆಳಗಿನ ಜಾವದ ಕತ್ತಲಲ್ಲಿ ಹೊರಡುವ ವಾಡಿಕೆ ಹಬ್ಬಿದೆ. ಕರಡಿಯು ಮೇವು ಮುಗಿಸಿ ಗುಹೆಗೆ ಹಿಂದಿರುಗುವ ಹೊತ್ತೂ ಅದೇ. ಆ ಕತ್ತಲಲ್ಲಿ ನಡೆಯುವವನ ಸಂಗಡ ಹೋಗುವುದು ಬಾಲ್ಯದ ಪಾಠವೊಂದೇ.

೧. ಕಥೆಯ ಮೂಲ

ಇಬ್ಬರು ಗೆಳೆಯರು ದಾರಿ ನಡೆಯುತ್ತಿರುವಾಗ ಕರಡಿ ಬರುವುದು. ಒಬ್ಬನು ಮರ ಹತ್ತುವನು. ಇನ್ನೊಬ್ಬನು ಸತ್ತಂತೆ ಬೀಳುವನು. ಕರಡಿ ಮೂಸಿ ನೋಡಿ ಹೊರಟುಹೋಗುವುದು. ಈ ಕಥೆಯು ಗ್ರೀಕರ ಈಸೋಪನ ಹೆಸರಿನಲ್ಲಿ ಬಂದಿರುವ ನೀತಿಕಥೆಗಳಲ್ಲಿ ಒಂದು. ಕರಡಿಯು ಹೆಣವನ್ನು ಮುಟ್ಟುವುದಿಲ್ಲವೆಂಬ ಲೋಕಪ್ರತೀತಿಯೂ ಕಥೆಯೊಳಗೇ ಅಡಕವಾಗಿದೆ. ಪಾಶ್ಚಾತ್ಯ ವಿದ್ಯಾಭ್ಯಾಸದೊಡನೆ ಈಸೋಪನ ಕಥೆಗಳು ಕನ್ನಡದ ಶಾಲಾಪಾಠಗಳಿಗೆ ಬಂದವು. ಪಂಚತಂತ್ರದ ಕಥೆಗಳ ಪಕ್ಕದಲ್ಲಿ ಇವೂ ಬಳಕೆಯಾಗಿ, ಯಾವುದು ಈ ನೆಲದ್ದು ಯಾವುದು ಹೊರಗಿನದು ಎಂಬ ಭೇದವು ಓದುವವರಿಗೆ ಮರೆಯಾಯಿತು.

ಗ್ರೀಸ್ ದೇಶದ ಕರಡಿಯು ಕಂದುಬಣ್ಣದ್ದು. ಕನ್ನಡನಾಡಿನ ಕರಡಿಯು ಜಾತಿಯಿಂದಲೇ ಬೇರೆ. ಗ್ರೀಕ್ ಕಥೆಗಾರನು ಸ್ನೇಹದ ನೀತಿಯನ್ನು ಹೇಳಹೊರಟನಲ್ಲದೆ ಪ್ರಾಣಿಶಾಸ್ತ್ರವನ್ನಲ್ಲ. ಅವನನ್ನು ದೂರುವುದಕ್ಕೆ ಕಾರಣವಿಲ್ಲ. ದೃಷ್ಟಾಂತವನ್ನು ಉಪದೇಶವೆಂದು ತಿಳಿದುದು ಓದಿದವರ ಪ್ರಮಾದ.

೨. ಈ ನಾಡಿನ ಕರಡಿ

ಭಾರತ, ನೇಪಾಳ, ಶ್ರೀಲಂಕಾಗಳಲ್ಲಿ ಕಾಣುವ ಈ ಕರಡಿಗೆ ಶಾಸ್ತ್ರಜ್ಞರು ಇಟ್ಟ ಮೊದಲ ಹೆಸರೂ ಒಂದು ಪ್ರಮಾದವೇ. ೧೭೯೧ರಲ್ಲಿ ಜಾರ್ಜ್ ಷಾ ಎಂಬ ಆಂಗ್ಲ ಪ್ರಾಣಿಶಾಸ್ತ್ರಜ್ಞನು ಇದರ ಉದ್ದವಾದ ಉಗುರುಗಳನ್ನೂ ಮೇಲಿನ ಸಾಲಿನ ಮುಂದಿನ ಎರಡು ಹಲ್ಲುಗಳಿಲ್ಲದುದನ್ನೂ ನೋಡಿ, ದಕ್ಷಿಣ ಅಮೆರಿಕದ ಮರಗಳಲ್ಲಿ ತೂಗಾಡುವ 'ಸ್ಲಾತ್' ಎಂಬ ಜಡಪ್ರಾಣಿಯ ವರ್ಗಕ್ಕೆ ಇದನ್ನು ಸೇರಿಸಿದನು. ತಪ್ಪು ಬೇಗನೆ ತಿಳಿಯಿತು, ವರ್ಗ ಬದಲಾಯಿತು, ಆದರೆ ಇಂಗ್ಲಿಷಿನಲ್ಲಿ 'ಸ್ಲಾತ್' ಎಂಬ ವಿಶೇಷಣವು ಉಳಿದುಕೊಂಡಿತು. ಅದನ್ನು ಅನುವಾದಿಸಿ 'ಸೋಮಾರಿ ಕರಡಿ' ಎಂದು ಕನ್ನಡದಲ್ಲಿ ಬರೆಯುವುದೂ ಉಂಟು. ಮನುಷ್ಯನು ಓಡಿ ತಪ್ಪಿಸಿಕೊಳ್ಳಲಾಗದಷ್ಟು ವೇಗವಾಗಿ ಓಡಬಲ್ಲ ಪ್ರಾಣಿಗೆ ಈ ಹೆಸರು ಒಪ್ಪುವುದಿಲ್ಲ. ನಂಬಿದವನಿಗೆ ಅಪಾಯವನ್ನೂ ತರಬಲ್ಲುದು.

ಮುಂದಿನ ಹಲ್ಲುಗಳಿಲ್ಲದ ಆ ಸಂದಿಯು ಗೆದ್ದಲನ್ನು ಹೀರುವುದಕ್ಕೆ ಅನುಕೂಲವಾದುದು. ಉಗುರುಗಳು ಹುತ್ತವನ್ನು ಅಗೆಯುವುದಕ್ಕೆ. ಗೆದ್ದಲು, ಇರುವೆ, ಜೇನು, ಬೋರೆ, ಅತ್ತಿ, ಕಕ್ಕೆ ಮುಂತಾದವು ಇದರ ಆಹಾರ. ಜೇನಿಗಾಗಿ ಮರವನ್ನು ಚೆನ್ನಾಗಿ ಹತ್ತಬಲ್ಲುದು. ಆದಕಾರಣ ಕಥೆಯ ಮೊದಲನೆಯ ಗೆಳೆಯನ ಉಪಾಯವು ಇಲ್ಲಿ ನೆಚ್ಚತಕ್ಕದ್ದಲ್ಲ. ಹಗಲಿನಲ್ಲಿ ಬಂಡೆಗಳ ಸಂದಿಯಲ್ಲಿಯೋ ಪೊದೆಯ ನೆರಳಿನಲ್ಲಿಯೋ ಮಲಗಿದ್ದು, ಸಂಜೆಯಿಂದ ಬೆಳಗಿನವರೆಗೆ ಸಂಚರಿಸುವುದು. ಬಹುಮಟ್ಟಿಗೆ ಚಳಿಗಾಲದಲ್ಲಿ ಗುಹೆಯಲ್ಲಿ ಮರಿಯಿಕ್ಕಿ, ಅನಂತರ ಅವುಗಳನ್ನು ಬೆನ್ನಿನ ಮೇಲೆ ಹೊತ್ತು ತಿರುಗುವುದು. ಮೂಗು ಬಹಳ ಚುರುಕು, ಕಣ್ಣು ಅಷ್ಟಕ್ಕಷ್ಟೆ. ಹುತ್ತಕ್ಕೆ ಮೂತಿಯಿಟ್ಟು ಗೆದ್ದಲನ್ನು ಹೀರುವಾಗ ತನ್ನದೇ ಸದ್ದಿನಲ್ಲಿ ಮುಳುಗಿರುವ ಕರಡಿಗೆ, ಗಾಳಿಯ ಎದುರಿನಿಂದ ಮೆಲ್ಲನೆ ಬರುವ ಮನುಷ್ಯನು ಹತ್ತಡಿಯ ಅಂತರಕ್ಕೆ ಬರುವವರೆಗೂ ತಿಳಿಯದಿರಬಹುದು. ಆಗ ಅದು ಓಡುವ ಬದಲು ಮೇಲೆ ಬೀಳುವುದು. ಹುಲಿಯೊಡನೆ ಒಂದೇ ಕಾಡಿನಲ್ಲಿ ಬಹುಕಾಲ ಬಾಳಿದ ಪ್ರಾಣಿಗೆ, ಸಮೀಪಕ್ಕೆ ಬಂದ ಶತ್ರುವನ್ನು ಎದುರಿಸಿ ನಿಲ್ಲುವುದೇ ಸ್ವಭಾವವಾಯಿತೆಂದು ಪ್ರಾಣಿಶಾಸ್ತ್ರಜ್ಞರು ಅಭಿಪ್ರಾಯಪಡುತ್ತಾರೆ. ಮನುಷ್ಯನನ್ನು ತಿನ್ನುವ ಉದ್ದೇಶವು ಅದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಹೆದರಿಕೆಯೇ ಆ ಕೋಪಕ್ಕೆ ಮೂಲ.

೩. ಹಗ್ಗದ ಕರಡಿ

ಬಯಲುಸೀಮೆಯ ಹಳ್ಳಿಗಳಿಗೆ ಕರಡಿಯು ಪ್ರತ್ಯಕ್ಷವಾಗಿ ಬಂದುದು ಒಂದೇ ರೂಪದಲ್ಲಿ. ಖಲಂದರರು ಮೂಗಿಗೆ ಹಗ್ಗ ಪೋಣಿಸಿದ ಕರಡಿಯನ್ನು ನಡೆಸಿಕೊಂಡು ಬಂದು, ಊರ ಮುಂದೆ ಕುಣಿಸಿ, ಭಯನಿವಾರಣೆಗೆಂದು ಅದರ ಕೂದಲನ್ನು ತಾಯಿತಕ್ಕೆ ಕೊಡುತ್ತಿದ್ದರು. ಆ ಕರಡಿಯ ಹಲ್ಲನ್ನು ಮುರಿದಿರುವುದು ಅಂಗಳದಲ್ಲಿ ನಿಂತು ನೋಡುವ ಮಕ್ಕಳಿಗೆ ಕಾಣುತ್ತಿರಲಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಈ ವೃತ್ತಿಯನ್ನು ನಿಷೇಧಿಸಿತು. ಆದರೆ ಅದು ನಿಲ್ಲುವುದಕ್ಕೆ ಮೂರು ದಶಕಗಳಿಗೂ ಮಿಕ್ಕಿ ಹಿಡಿಯಿತು. ೨೦೦೫ರಲ್ಲಿ ಬನ್ನೇರುಘಟ್ಟದಲ್ಲಿ ಕರಡಿಗಳ ಪುನರ್ವಸತಿ ಕೇಂದ್ರವು ಏರ್ಪಟ್ಟಿತು. ದೇಶದ ಕೊನೆಯ ಕುಣಿಯುವ ಕರಡಿಯೆಂದು ಹೆಸರಾದುದು ೨೦೦೯ರ ಡಿಸೆಂಬರಿನಲ್ಲಿ ಅಲ್ಲಿಗೇ ಸೇರಿತು. ಖಲಂದರರ ಕುಟುಂಬಗಳಿಗೆ ಬೇರೆ ಜೀವನೋಪಾಯವನ್ನು ಒದಗಿಸಿದುದೂ ಆ ಕಾರ್ಯದ ಒಂದು ಅಂಗವಾಗಿತ್ತು.

ಹೀಗೆ ಬಯಲಿನ ಮನುಷ್ಯನಿಗೆ ಕರಡಿಯ ಪರಿಚಯವು ಮೂರು ದಾರಿಯಿಂದ ಆಯಿತು: ಗ್ರೀಸಿನ ಕಥೆ, ಇಂಗ್ಲೆಂಡಿನ ಹೆಸರು, ಹಲ್ಲಿಲ್ಲದ ಕರಡಿ. ಮೂರೂ ಅದನ್ನು ಮಂದಬುದ್ಧಿಯ, ಸುಲಭವಾಗಿ ಮೋಸಹೋಗುವ ಪ್ರಾಣಿಯೆಂದೇ ತೋರಿಸಿದವು.

೪. ಗುಹೆಯ ಕಥೆ

ಇದಕ್ಕಿಂತ ಹಳೆಯದಾದ ಇನ್ನೊಂದು ಕಥೆಯು ಕನ್ನಡಿಗರ ಮನೆಗಳಲ್ಲಿಯೇ ಇದೆ. ಭಾದ್ರಪದ ಶುಕ್ಲ ಚತುರ್ಥಿಯಂದು ಚಂದ್ರದರ್ಶನದ ದೋಷಪರಿಹಾರಕ್ಕಾಗಿ ಓದುವ ಶ್ಯಮಂತಕೋಪಾಖ್ಯಾನವೇ ಅದು. ಭಾಗವತದ ಪ್ರಕಾರ, ಶ್ಯಮಂತಕಮಣಿಯನ್ನು ಧರಿಸಿ ಬೇಟೆಗೆ ಹೋದ ಪ್ರಸೇನನನ್ನು ಸಿಂಹವು ಕೊಂದಿತು. ಸಿಂಹವನ್ನು ಜಾಂಬವಂತನು ಕೊಂದು, ಮಣಿಯನ್ನು ಗುಹೆಗೆ ಒಯ್ದು ಮಗುವಿಗೆ ಆಟಿಕೆಯಾಗಿ ಕೊಟ್ಟನು. ಹೆಜ್ಜೆಗಳ ಜಾಡು ಹಿಡಿದು ಬಂದ ಶ್ರೀಕೃಷ್ಣನು ಸಂಗಡಿಗರನ್ನು ಹೊರಗೆ ನಿಲ್ಲಿಸಿ, ತಾನೊಬ್ಬನೇ ಕತ್ತಲೆಯ ಗುಹೆಯನ್ನು ಹೊಕ್ಕನು. ಮಗುವಿನ ಬಳಿಯಲ್ಲಿ ಅಪರಿಚಿತನನ್ನು ಕಂಡು ದಾದಿಯು ಚೀರಿದಳು. ಜಾಂಬವಂತನು ಬಂದವನು ಯಾರೆಂದು ತಿಳಿಯದೆ ಕೋಪದಿಂದ ಮೇಲೆ ಬಿದ್ದನು. ಕಾಳಗವು ಇಪ್ಪತ್ತೆಂಟು ದಿನ ನಡೆಯಿತು. ಹೊರಗಿದ್ದವರು ಹನ್ನೆರಡು ದಿನ ಕಾದು ದುಃಖದಿಂದ ಊರಿಗೆ ಮರಳಿದರು.

ಪುರಾಣದ ಉದ್ದೇಶವು ಭಗವಂತನ ಅಪವಾದವು ಕಳೆದ ಬಗೆಯನ್ನು ಹೇಳುವುದು. ಆದರೂ ಕಥೆಯ ಸನ್ನಿವೇಶಗಳನ್ನು ಮಾತ್ರ ಎತ್ತಿಕೊಂಡರೆ, ಕರಡಿಯ ನೈಜಸ್ವಭಾವಕ್ಕೆ ಇದು ಈಸೋಪನ ಕಥೆಗಿಂತ ಎಷ್ಟೋ ಹತ್ತಿರವಾಗಿದೆ. ಗುಹೆ, ಕತ್ತಲೆ, ಒಬ್ಬನೇ ಹೋಗುವುದು, ಒಳಗೆ ಮರಿ, ಹಠಾತ್ತಾದ ಭೇಟಿ ಎಂಬ ಐದು ಸಂಗತಿಗಳು ಕೂಡಿದಾಗ ಕರಡಿಯು ವಿಚಾರಿಸದೆ ಎರಗುವುದೆಂಬ ಅನುಭವವು ಇದರ ಹಿಂದೆ ಇದ್ದಿರಬಹುದು. ಕಿಷ್ಕಿಂಧೆಯೆಂದು ಪ್ರತೀತಿಯಿರುವ ಆನೆಗೊಂದಿ-ಹಂಪೆಗಳ ಸಮೀಪದಲ್ಲಿಯೇ, ದರೋಜಿಯ ಬಂಡೆಗಾಡಿನಲ್ಲಿ, ೧೯೯೪ರಲ್ಲಿ ಕರಡಿಧಾಮವು ಸ್ಥಾಪಿತವಾದುದು ಇಲ್ಲಿ ಸ್ಮರಣೀಯ.

೫. ದಾಖಲೆಗಳ ಸಾಕ್ಷ್ಯ

ಬ್ರಿಟಿಷ್ ಇಂಡಿಯಾ ಸರ್ಕಾರವು ಕಾಡುಪ್ರಾಣಿಗಳಿಂದ ಸತ್ತವರ ಲೆಕ್ಕವನ್ನು ವರ್ಷವರ್ಷವೂ ಪ್ರಕಟಿಸುತ್ತಿತ್ತು. ಹುಲಿ, ಚಿರತೆ, ತೋಳಗಳೊಡನೆ ಕರಡಿಗೂ ಅದರಲ್ಲಿ ಸ್ಥಾನವುಂಟು. ಆದರೆ ಲೆಕ್ಕವು ಮೃತರದು; ಗಾಯಗೊಂಡು ಬದುಕಿದವರು ಅದರಲ್ಲಿ ಸೇರುತ್ತಿರಲಿಲ್ಲ. ಹುಲಿಯ ವಿಷಯದಲ್ಲಿ ಈ ಕ್ರಮದಿಂದ ಹೆಚ್ಚು ನಷ್ಟವಿಲ್ಲ. ಕರಡಿಯ ವಿಷಯದಲ್ಲಿ ಅದು ನಿಜವನ್ನೇ ಮುಚ್ಚುತ್ತದೆ. ೧೯೮೯ರ ಏಪ್ರಿಲಿನಿಂದ ೧೯೯೪ರ ಮಾರ್ಚಿಯವರೆಗೆ ಮಧ್ಯಪ್ರದೇಶದಲ್ಲಿ ಕರಡಿಗೆ ಸಿಕ್ಕವರನ್ನು ಕುರಿತು ರಾಜಪುರೋಹಿತ ಮತ್ತು ಕ್ರಾಸ್ಮನ್ ಎಂಬ ವಿದ್ವಾಂಸರು ೨೦೦೦ದಲ್ಲಿ ಪ್ರಕಟಿಸಿದ ಲೇಖನದಂತೆ, ಅವರ ಸಂಖ್ಯೆ ೭೩೫, ಸತ್ತವರು ೪೮. ಎಂದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿ ಬದುಕಿದರು. ಬದುಕಿದವರಲ್ಲಿ ಎಷ್ಟೋ ಮಂದಿಗೆ ಪೆಟ್ಟು ಬಿದ್ದುದು ತಲೆಗೂ ಮುಖಕ್ಕೂ. ಕಣ್ಣು ಕಳೆದುಕೊಂಡ ದನಗಾಹಿಯ ಹೆಸರು ಹಳೆಯ ಪಟ್ಟಿಗಳಲ್ಲಿ ಬರುವಂತಿರಲಿಲ್ಲ.

ಮೈಸೂರು ಸೀಮೆಗೆ ಸಂಬಂಧಪಟ್ಟ ಪ್ರಸಿದ್ಧ ವೃತ್ತಾಂತವು ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ಬರೆದುದು. ಅರಸೀಕೆರೆಯ ಪೂರ್ವಕ್ಕಿರುವ ನಾಗವಾರ ಗುಡ್ಡಗಳ ಕರಡಿಯೊಂದು ಹನ್ನೆರಡು ಮಂದಿಯನ್ನು ಕೊಂದು, ಅದರ ಇಮ್ಮಡಿಯಷ್ಟು ಜನರನ್ನು ಗಾಯಪಡಿಸಿತೆಂದೂ, ಗಾಯಗೊಂಡವರಲ್ಲಿ ಹೆಚ್ಚಿನವರು ಕಣ್ಣು ಕಳೆದುಕೊಂಡರೆಂದೂ ಅವನು ೧೯೫೭ರ ತನ್ನ ಗ್ರಂಥದಲ್ಲಿ ಹೇಳುತ್ತಾನೆ. ರಸ್ತೆಯ ಪಕ್ಕದ ದರ್ಗಾದ ಮುಜಾವರನ ಮಗನು ರಾತ್ರಿಯಲ್ಲಿ ಹೊರಕ್ಕೆ ಬಂದಾಗ, ಅತ್ತಿಯ ಹಣ್ಣಿಗೆ ಬಂದಿದ್ದ ಆ ಕರಡಿಗೆ ಸಿಕ್ಕಿ ಸತ್ತನು. ಕೊನೆಗೆ ಕರಡಿಯು ಆಂಡರ್ಸನ್ನನ ಗುಂಡಿಗೆ ಬಲಿಯಾಯಿತು. ಈ ವೃತ್ತಾಂತಕ್ಕೆ ಸಾಕ್ಷಿ ಬೇಟೆಗಾರನೊಬ್ಬನೇ. ಆದುದರಿಂದ ಸಂಖ್ಯೆಗಳನ್ನು ಅವನ ಮಾತೆಂದೇ ಎಣಿಸತಕ್ಕದ್ದು. ಆದರೂ ಆ ಕರಡಿಯು ಹಿಂದೆ ಮನುಷ್ಯನಿಂದಲೇ ಗಾಯಗೊಂಡಿದ್ದಿರಬೇಕೆಂಬ ಅವನ ಊಹೆಯು ಗಮನಾರ್ಹವಾಗಿದೆ. ಆಹತರಾದವರಲ್ಲಿ ಬೇಟೆಗೆ ಹೋದವರು ವಿರಳ. ಹೊಲ ಕಾಯುವವರು, ಸೌದೆ ತರುವವರು, ಹೊತ್ತಲ್ಲದ ಹೊತ್ತಿನಲ್ಲಿ ಹೊರಕ್ಕೆ ಬಂದವರೇ ಬಹಳ.

೬. ಬೆಟ್ಟದ ದಾರಿಯ ನಡೆ

ಹಳೆಯ ಕಾಲದಲ್ಲಿಯೂ ಜನರು ಬೆಟ್ಟಗಳನ್ನು ಏರುತ್ತಿದ್ದರು. ಶಿವಗಂಗೆಗೂ ದೇವರಾಯನದುರ್ಗಕ್ಕೂ ಹೋಗುವ ಯಾತ್ರಿಕರು ಗುಂಪಾಗಿ, ದೇವರ ನಾಮವನ್ನು ಕೂಗುತ್ತ ಹತ್ತುವರು. ದನಗಾಹಿಯು ಕೂಗು ಹಾಕುವನು; ಅವನ ದನದ ಕೊರಳಲ್ಲಿ ಗಂಟೆಯಿರುವುದು; ಸೌದೆಯವರು ಮಾತನಾಡುತ್ತ ನಡೆಯುವರು. ಇವೆಲ್ಲವೂ ಕರಡಿಗೆಂದೇ ಏರ್ಪಟ್ಟ ಕ್ರಮಗಳೆಂದು ಹೇಳಲು ಆಧಾರವಿಲ್ಲ. ಆದರೆ ಫಲವು ಒಂದೇ. ಸದ್ದನ್ನು ಮುಂಚೆಯೇ ಕೇಳಿದ ಕರಡಿಯು ದಾರಿಯಿಂದ ಸರಿದುಹೋಗುವುದು. ಆಧುನಿಕ ಶಾಸ್ತ್ರಜ್ಞರು ಕೊಡುವ ಎಚ್ಚರಿಕೆಗಳೂ ಇವೇ: ಗುಂಪಾಗಿ ನಡೆಯುವುದು, ಸದ್ದು ಮಾಡುವುದು, ಮುಂಜಾವ ಮುಸ್ಸಂಜೆಗಳಲ್ಲಿ ಪೊದೆಯ ಕಾಡಿಗೆ ಹೋಗದಿರುವುದು, ಗುಹೆಗಳನ್ನು ಇಣುಕದಿರುವುದು, ಮರಿಯ ಬಳಿ ಸುಳಿಯದಿರುವುದು, ನಾಯಿಯನ್ನು ಬಿಟ್ಟು ನಡೆಸದಿರುವುದು. ದೂರದಲ್ಲಿ ಕರಡಿ ಕಂಡರೆ ಓಡದೆ ಮೆಲ್ಲನೆ ಹಿಂದೆ ಸರಿಯಬೇಕು. ಕೆಲವು ಬೆಟ್ಟಗಳಲ್ಲಿ ರಾತ್ರಿಯ ಚಾರಣವನ್ನು ಅರಣ್ಯ ಇಲಾಖೆಯು ನಿಷೇಧಿಸಿರುವುದನ್ನು ಈ ದೃಷ್ಟಿಯಿಂದಲೂ ನೋಡಬೇಕು.

ಇಷ್ಟಾದಮೇಲೂ ಕರಡಿಯು ಮೇಲೆ ಬಿದ್ದರೆ ಮಾಡತಕ್ಕದ್ದೇನು? ಇಲ್ಲಿ ಈಸೋಪನ ಕಥೆಯು ಅರ್ಧ ನಿಜವಾಗುತ್ತದೆ. ನೆಲಕ್ಕೆ ಬೀಳಬೇಕೆಂದೇ ತಜ್ಞರೂ ಹೇಳುವರು. ಆದರೆ ಬೋರಲಾಗಿ, ಮುಖವನ್ನು ನೆಲಕ್ಕೆ ಒತ್ತಿ, ಎರಡು ಕೈಗಳನ್ನೂ ಕತ್ತಿನ ಹಿಂದೆ ಹೆಣೆದು, ಕರಡಿಯು ದೂರ ಹೋಗುವವರೆಗೆ ಅಲುಗದಿರಬೇಕು. ಇದರ ಕಾರಣವೂ ಬೇರೆ. ಕರಡಿಯು ಹೆಣವೆಂದು ಮೋಸಹೋಗುವುದಿಲ್ಲ. ಎದುರಿಗಿದ್ದ ಅಪಾಯವು ತಗ್ಗಿತೆಂದು ತಿಳಿದು ಬಿಟ್ಟುಹೋಗುವುದು. ಶಾಲೆಯ ಪುಸ್ತಕದ ಚಿತ್ರಗಳಲ್ಲಿ ಗೆಳೆಯನು ಅಂಗಾತನಾಗಿ ಮಲಗಿ, ಕರಡಿಯು ಅವನ ಮುಖದ ಹತ್ತಿರ ಮೂತಿಯಿಟ್ಟಿರುವುದು ವಾಡಿಕೆ. ಕಣ್ಣು ಮೂಗುಗಳು ಉಳಿಯಬೇಕಾದರೆ ಬದಲಾಯಿಸಬೇಕಾದುದು ಆ ಒಂದು ಭಂಗಿಯನ್ನು.

ಕಥೆಯ ನೀತಿಯು ಮಾತ್ರ ಈ ನಾಡಿನ ಬೆಟ್ಟಗಳಿಗೂ ಸಲ್ಲುತ್ತದೆ. ಗೆಳೆಯನನ್ನು ಬಿಟ್ಟು ಓಡುವವನ ಸಂಗಡ ದಾರಿ ನಡೆಯಬಾರದೆಂದು ಅದು ಹೇಳಿತು. ಇಬ್ಬರೂ ಜೊತೆಯಾಗಿ, ಮಾತನಾಡುತ್ತ, ಹೊತ್ತು ಏರಿದ ಮೇಲೆ ಹೊರಟಿದ್ದರೆ ಕರಡಿಯು ಬಹುಶಃ ಎದುರಾಗುತ್ತಲೇ ಇರಲಿಲ್ಲ. ಸಮೇತನಹಳ್ಳಿಯಂಥ ಬಯಲೂರಿನ ಶಾಲೆಗಳಲ್ಲಿ ಈ ಪಾಠವನ್ನು ಹೇಳುವ ಉಪಾಧ್ಯಾಯರು ಕಥೆಯ ಕೊನೆಗೆ ಈ ನಾಲ್ಕು ಮಾತುಗಳನ್ನು ಸೇರಿಸಿದರೆ, ಮುಂದೆ ಎಂದಾದರೂ ಬೆಟ್ಟವೇರುವ ಬಾಲಕನಿಗೆ ಅದು ಉಪಕಾರವಾದೀತು.