ಮಧುಮೇಹಿಗಳಲ್ಲಿ ಅಧಿಕ ರಕ್ತದೊತ್ತಡದ ನಿರ್ವಹಣೆ (ರಾಮನಗರ ಸೀಮೆ)

ಸಕ್ಕರೆ ಕಾಯಿಲೆಯವರಲ್ಲಿ ಬಿ.ಪಿ.ಯೂ ಏರಿದರೆ ಹೃದಯಾಘಾತ, ಪಾರ್ಶ್ವವಾಯು, ಮೂತ್ರಪಿಂಡದ ವೈಫಲ್ಯ, ದೃಷ್ಟಿನಾಶಗಳ ಅಪಾಯ ಬಹಳ ಹೆಚ್ಚುತ್ತದೆ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ಜಿಲ್ಲೆಯಾದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆ ರಾಗಿ, ರೇಷ್ಮೆ, ತೆಂಗುಗಳನ್ನು ನಂಬಿದ್ದು. ಇಲ್ಲಿ ಚಿಕಿತ್ಸೆಯ ಕ್ರಮವೂ ಆ ದುಡಿಮೆಗೆ ಹೊಂದಿಕೊಳ್ಳಬೇಕು.

ಶುಗರ್ ಮಾತ್ರೆಯನ್ನು ತಪ್ಪದೆ ನುಂಗಿ, ತಲೆನೋವಿಲ್ಲವೆಂದು ಬಿ.ಪಿ. ಮಾತ್ರೆ ಬಿಡುವವರು ಅನೇಕರು. ಅಧಿಕ ರಕ್ತದೊತ್ತಡಕ್ಕೆ ಬಹುಮಟ್ಟಿಗೆ ಲಕ್ಷಣವೇ ಇರುವುದಿಲ್ಲ. ಎರಡನೇ ಬಗೆಯ ಮಧುಮೇಹಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆದ ಯುಕೆಪಿಡಿಎಸ್ ಅಧ್ಯಯನದ 1998ರ ಫಲಿತಾಂಶ ಬಿ.ಪಿ. ಇಳಿಸುವುದು ಏಕೆ ಮುಖ್ಯವೆಂದು ತೋರಿಸಿದೆ: ಸರಾಸರಿ 154/87 ಇದ್ದವರಿಗಿಂತ 144/82ಕ್ಕೆ ಇಳಿಸಿಕೊಂಡವರಲ್ಲಿ ಪಾರ್ಶ್ವವಾಯು ಶೇ. 44ರಷ್ಟು, ಮಧುಮೇಹ ಸಂಬಂಧಿ ಸಾವು ಶೇ. 32ರಷ್ಟು ಕಡಿಮೆ. ಈಗ ಬಹುತೇಕ ಮಧುಮೇಹಿಗಳಿಗೆ ವೈದ್ಯರು ಇಟ್ಟುಕೊಳ್ಳುವ ಗುರಿ 130/80ಕ್ಕಿಂತ ಕಡಿಮೆ. ವಯಸ್ಸಾದ, ನಿಂತರೆ ತಲೆಸುತ್ತುವ ರೋಗಿಗಳಿಗೆ ಗುರಿಯನ್ನು ಸಡಿಲಿಸುತ್ತಾರೆ.

ರಕ್ತದೊತ್ತಡ ಅಳೆಯುವ ಮೊದಲು ಐದು ನಿಮಿಷ ಬೆನ್ನು ಒರಗಿಸಿ, ಮಾತಾಡದೆ ಕೂರಬೇಕು. ತೋಳು ಎದೆಯ ಮಟ್ಟದಲ್ಲಿರಬೇಕು, ಪಟ್ಟಿ ಬರಿ ತೋಳಿಗೇ ಸುತ್ತಬೇಕು. ಬಸ್ಸಿಳಿದು ಓಡಿಬಂದ ಕೂಡಲೇ ಕಾಣುವ ಅಂಕಿಯನ್ನು ನಂಬುವಂತಿಲ್ಲ. ಮಧುಮೇಹಿಗಳನ್ನು ಒಮ್ಮೆ ನಿಲ್ಲಿಸಿಯೂ ಅಳೆಯುವುದು ಒಳ್ಳೆಯದು; ನರಗಳು ಸೊರಗಿದ್ದರೆ ಎದ್ದಾಗ ಒತ್ತಡ ಥಟ್ಟನೆ ಕುಸಿಯುತ್ತದೆ.

ಮೂತ್ರದಲ್ಲಿ ಆಲ್ಬುಮಿನ್ ಕಂಡವರಿಗೆ ಎನಾಲಪ್ರಿಲ್, ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟನ್, ಲೊಸಾರ್ಟನ್ ಗುಂಪಿನ ಔಷಧ ಮೊದಲ ಆಯ್ಕೆ. ಇವು ಮೂತ್ರಪಿಂಡವನ್ನೂ ಕಾಪಾಡುತ್ತವೆ. ಎರಡೂ ಗುಂಪನ್ನು ಒಟ್ಟಿಗೆ ಕೊಡುವುದಿಲ್ಲ, ಗರ್ಭಿಣಿಯರಿಗೆ ಇವು ಸಲ್ಲವು. ಸಾಲದಿದ್ದರೆ ಆಮ್ಲೊಡಿಪಿನ್ ಅಥವಾ ಮೂತ್ರವರ್ಧಕ ಸೇರುತ್ತದೆ. ಅಂಕಿ ಸರಿಹೋಯಿತೆಂದು ಮಾತ್ರೆ ನಿಲ್ಲಿಸಿದರೆ ಒತ್ತಡ ಮತ್ತೆ ಏರುತ್ತದೆ.

ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಕಳೆದ ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವವರೆಗೆ ಹುಳುಮನೆಯಲ್ಲಿ ಹಗಲಿರುಳು ಸೊಪ್ಪು ಹಾಕುತ್ತಲೇ ಇರಬೇಕು. ಊಟ, ನಿದ್ದೆ, ಮಾತ್ರೆ ತಪ್ಪುವುದು ಇಂಥ ವಾರದಲ್ಲೇ. ದಿನಕ್ಕೊಮ್ಮೆ ನುಂಗುವ ಮಾತ್ರೆಯೇ ರೇಷ್ಮೆ ಬೆಳೆಗಾರರಿಗೆ ಅನುಕೂಲ. ಗೂಡು ಬೇಯಿಸುವ ಬಿಸಿನೀರಿನೆದುರು ಬೆವರುವವರು ಮೂತ್ರವರ್ಧಕ ತೆಗೆದುಕೊಳ್ಳುತ್ತಿದ್ದರೆ ತಲೆಸುತ್ತಿನ ಬಗ್ಗೆ ವೈದ್ಯರಿಗೆ ತಿಳಿಸಬೇಕು.

ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮುದ್ದೆಯಲ್ಲಿ ಉಪ್ಪು ಕಡಿಮೆ. ಅದು ಹೊಟ್ಟೆ ಸೇರುವುದು ಸಾರು, ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯಿಂದ. ರಾಗಿಯೂ ಪಿಷ್ಟವೇ ಆದ್ದರಿಂದ ಮುದ್ದೆಯ ಗಾತ್ರ ತಗ್ಗಿಸಿ ಸೊಪ್ಪು, ಕಾಳು ಹೆಚ್ಚಿಸಬೇಕು.

30 ದಾಟಿದವರ ತಪಾಸಣೆಗೆ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ವಿವರ ಪಡೆಯುತ್ತಾರೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಮಾತ್ರೆ ಉಚಿತ. ವರ್ಷಕ್ಕೊಮ್ಮೆಯಾದರೂ ಮೂತ್ರದ ಆಲ್ಬುಮಿನ್, ಕ್ರಿಯಾಟಿನಿನ್, ಪೊಟ್ಯಾಸಿಯಂ, ಕಣ್ಣು, ಪಾದಗಳ ಪರೀಕ್ಷೆಯಾಗಬೇಕು. ಮೂತ್ರಪಿಂಡ ದುರ್ಬಲವಾಗಿದ್ದು ಟೆಲ್ಮಿಸಾರ್ಟನ್‌ನಂಥ ಔಷಧ ಸೇವಿಸುವವರಲ್ಲಿ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೇರಬಹುದು. ಎಳನೀರು, ಕಡಿಮೆ ಸೋಡಿಯಂ ಉಪ್ಪುಗಳನ್ನು ಅವರು ವೈದ್ಯರನ್ನು ಕೇಳದೆ ಬಳಸಬಾರದು.