ತೆಂಗಿನ ಸೀಮೆಯಲ್ಲಿ ಜಿಂಕೆಬೇಟೆ: ಪರಿಕರ, ಪರಿಜ್ಞಾನ ಮತ್ತು ಪರಿಭಾಷೆ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳನ್ನು ಇಂದು ನಾಡು ಗುರುತಿಸುವುದು ತೆಂಗು ಮತ್ತು ಕೊಬ್ಬರಿಯಿಂದ. ತಿಪಟೂರು-ತುರುವೇಕೆರೆಗಳ ನಡುವೆ ಇರುವ ನೊಣವಿನಕೆರೆಯಲ್ಲಿ ನಿಂತು ನೋಡಿದವರಿಗೆ ವಿಶಾಲವಾದ ಕೆರೆ, ಅದರಾಚೆಗೆ ಸಾಲುಸಾಲು ತೋಟಗಳು ಕಾಣುತ್ತವೆಯೇ ಹೊರತು ಬೇಟೆಯ ನೆನಪು ತರುವಂಥದೇನೂ ಕಾಣುವುದಿಲ್ಲ. ಆದರೆ ತೆಂಗಿನ ಇಂದಿನ ವಿಸ್ತಾರ ಇತ್ತೀಚಿನದು. ಕೊಳವೆಬಾವಿಗಳು ಬರುವ ಮುನ್ನ ತೋಟವೆಂಬುದು ಹೆಚ್ಚಾಗಿ ಕೆರೆಯ ಹಿಂಬದಿಗೆ, ಹಳ್ಳದ ಅಂಚಿಗೆ, ತಗ್ಗಿನ ನೆಲಕ್ಕೆ ಸೀಮಿತವಾಗಿತ್ತು. ಅದರಾಚೆಗೆ ರಾಗಿ, ಹುರುಳಿ, ಅವರೆಗಳ ಹೊಲ, ಹೊಲದಾಚೆಗೆ ಗೋಮಾಳ, ಅದಕ್ಕೂ ಆಚೆಗೆ ಕಾವಲು. ಈ ಪ್ರದೇಶದ ಜಿಂಕೆಬೇಟೆಯ ಚರಿತ್ರೆಯನ್ನು ಹುಡುಕಬೇಕಾದುದು ಈ ಕೊನೆಯ ಎರಡು ನೆಲೆಗಳಲ್ಲಿ.

ಕಾವಲು ಎಂದರೆ ಮೈಸೂರು ಅರಸರ ಕಾಲದಿಂದ ದನಗಳ ಮೇವಿಗೆಂದು ಕಾದಿರಿಸಿದ ಹುಲ್ಲುಗಾವಲು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ರೂಪುಗೊಂಡು, ಟಿಪ್ಪುವಿನ ಆಡಳಿತದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಈ ವ್ಯವಸ್ಥೆಯಲ್ಲಿ ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂಬ ವಿಂಗಡಣೆಯಿತ್ತು. ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯ ಜಾನುವಾರು ಕೇಂದ್ರ ಆ ಪರಂಪರೆಯ ಇಂದಿನ ಕುರುಹು. ದನಕ್ಕಾಗಿ ಕಾದ ಹುಲ್ಲು ಚಿಗರೆಗೂ ಒದಗಿತು. ಬಯಲಲ್ಲಿ ಬದುಕುವ, ದೂರ ನೋಡುವ, ಮರೆಯನ್ನು ನಂಬದೆ ವೇಗವನ್ನೇ ನಂಬುವ ಪ್ರಾಣಿಗೆ ಕಾವಲಿಗಿಂತ ಒಪ್ಪುವ ನೆಲೆ ಬೇರೆ ಇಲ್ಲ. ನೆರೆಯ ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲಿನಲ್ಲಿ ಚಿಗರೆಗಳು ಉಳಿದುಬಂದು, 2011ರಲ್ಲಿ ಅದು ಕೃಷ್ಣಮೃಗ ಸಂರಕ್ಷಣಾ ಮೀಸಲು ಎನಿಸಿದ್ದು ಈ ಸಂಬಂಧಕ್ಕೆ ಸಾಕ್ಷಿ.

ಇಲ್ಲಿ ಪರಿಭಾಷೆಯ ಒಂದು ತೊಡಕನ್ನು ಬಿಡಿಸಿಕೊಳ್ಳಬೇಕು. ಆಡುಮಾತಿನ 'ಜಿಂಕೆ' ಹಲವು ಪ್ರಾಣಿಗಳನ್ನು ಒಳಗೊಳ್ಳುವ ಪದ. ಪ್ರಾಣಿಶಾಸ್ತ್ರದ ಪ್ರಕಾರ ವರ್ಷವರ್ಷವೂ ಕೊಂಬು ಕಳಚುವ ಸಾರಂಗ, ಕಡವೆಗಳು ಒಂದು ಕುಲ; ಕೊಂಬು ಕಳಚದ ಚಿಗರೆ, ಚಿಂಕಾರ, ಕೊಂಡುಕುರಿಗಳು ಇನ್ನೊಂದು ಕುಲ. ಹಳಗನ್ನಡದ 'ಎರಳೆ', 'ಹುಲ್ಲೆ'ಗಳು ಈ ಗಡಿಯನ್ನು ಗಣಿಸುವುದಿಲ್ಲ. ಬೇಟೆಗಾರನ ಭಾಷೆ ಮಾತ್ರ ಗಣಿಸುತ್ತದೆ. 1867ರಲ್ಲಿ ಭಾರತದ ಸ್ತನಿಗಳ ಬಗ್ಗೆ ಗ್ರಂಥ ಪ್ರಕಟಿಸಿದ ಜರ್ಡನ್ ಕನ್ನಡದ ಹೆಸರುಗಳನ್ನೂ ಸಂಗ್ರಹಿಸಿದ್ದಾನೆ. ಕೃಷ್ಣಮೃಗಕ್ಕೆ ಚಿಗರಿ, ಚಿಂಕಾರಕ್ಕೆ ತಿಸ್ಕ, ಬುದರಿ, ನಾಲ್ಕು ಕೊಂಬಿನದಕ್ಕೆ ಕೊಂಡುಗುರಿ ಎಂಬ ಬೇರೆಬೇರೆ ಹೆಸರುಗಳು ಅಲ್ಲಿ ದೊರೆಯುತ್ತವೆ. ಇಷ್ಟು ಸೂಕ್ಷ್ಮವಾದ ವಿಂಗಡಣೆ ವಿದ್ವಾಂಸರ ಕೋಣೆಯಲ್ಲಿ ಹುಟ್ಟಿದ್ದಲ್ಲ; ಬಲೆ ಹಿಡಿದವರಿಂದ ಅವನಿಗೆ ದೊರೆತದ್ದು.

ಕರ್ನಾಟಕದ ಬೇಟೆಯ ವಿಧಾನಗಳನ್ನು ಶಾಸ್ತ್ರವಾಗಿ ಬರೆದಿಟ್ಟ ಗ್ರಂಥ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (ಆಳ್ವಿಕೆ 1126-1138) 'ಮಾನಸೋಲ್ಲಾಸ'. ಸಂಸ್ಕೃತದಲ್ಲಿದ್ದರೂ ಇದರ ಅನುಭವದ ನೆಲ ಕನ್ನಡದ್ದು. ಜಿಂಕೆಯನ್ನು ಹೇಗೆ ಬೇಟೆಯಾಡಬೇಕೆಂಬುದನ್ನು ಅದು ನೀರಿನ ನೆಲೆಯಲ್ಲಿ ಕಾಯುವುದು, ನಾಯಿ ಬಿಡುವುದು, ಚೀತಾ ಬಿಡುವುದು, ಪಳಗಿಸಿದ ಮೃಗವನ್ನು ಮುಂದೊಡ್ಡುವುದು ಎಂಬುದಾಗಿ ನೆಲೆ ಮತ್ತು ಸಾಧನಗಳ ಆಧಾರದಿಂದ ವಿಂಗಡಿಸುತ್ತದೆ. ಅರಸನ ವಿನೋದವೆಂದು ಇದನ್ನು ಕರೆದಿರುವುದರಿಂದ ವಿದ್ವಾಂಸರು ಬಹುಪಾಲು ಇದನ್ನು ಆಸ್ಥಾನ ಸಂಸ್ಕೃತಿಯ ಭಾಗವೆಂದೇ ಓದಿದ್ದಾರೆ. ಆ ಓದು ಅಪೂರ್ಣ. ಕಾಡನ್ನು ಶೋಧಿಸಿ, ಮೃಗದ ನಡೆಯನ್ನು ಅರಿತು, ದೀಪಮೃಗವನ್ನು ಪಳಗಿಸಿ ಅರಸನೆದುರಿಗೆ ತಂದವರು ಬೇಡರು. ಗ್ರಂಥ ಅರಸನದು, ವಿದ್ಯೆ ಬೇಡನದು.

ಈ ದೀಪಮೃಗವೇ ಕನ್ನಡದ 'ದೀಹ' ಅಥವಾ 'ದೀವ'. ಸಾಕಿದ ಗಂಡು ಹುಲ್ಲೆಯನ್ನು ಕಾಡುಹಿಂಡಿನ ಬಳಿ ಬಿಟ್ಟರೆ ಹಿಂಡಿನ ಗಂಡು ಅದನ್ನು ಎದುರಾಳಿಯೆಂದು ಬಗೆದು ಹಾಯಲು ಬರುತ್ತದೆ. ದೀಹದ ಕೊಂಬಿಗೆ ಮೊದಲೇ ಸುತ್ತಿದ ಉರುಲಿನಲ್ಲಿ ಬಂದದ್ದರ ಕೊಂಬು ಸಿಕ್ಕಿಕೊಳ್ಳುತ್ತದೆ. ಅಕ್ಬರನ ಆಸ್ಥಾನದವರೆಗೂ ವ್ಯಾಪಿಸಿದ್ದ ವಿಧಾನವಿದು. ಇದರ ಜೊತೆಗೇ ನೆನೆಯಬೇಕಾದ ಮತ್ತೊಂದು ಹಳೆಯ ಪದ 'ಗೋರಿ'. ಹಾಡಿನಿಂದ ಜಿಂಕೆಯನ್ನು ಮರುಳುಮಾಡಿ ಹತ್ತಿರಕ್ಕೆ ಸೆಳೆಯುವ ಕಲೆಗೆ ಈ ಹೆಸರು. ಹಿಂದಿನ ಕವಿಗಳಿಗೂ ಶರಣರಿಗೂ ದೀಹ ಮತ್ತು ಗೋರಿ ಪರಿಚಿತ ಉಪಮೆಗಳು. ಕೇಳುಗರಿಗೆ ತಿಳಿಯದ ವಸ್ತು ಉಪಮೆಯಾಗಲಾರದು. ಆದುದರಿಂದ ಆ ಕಾಲದ ಸಾಮಾನ್ಯ ಜನರಿಗೆ ಈ ಪರಿಕರಗಳು ಕಂಡು ಬಲ್ಲವೇ ಆಗಿದ್ದುವೆಂದು ತಿಳಿಯಬಹುದು. ಚಿಕ್ಕನಾಯಕನಹಳ್ಳಿ, ಶಿರಾ ಕಡೆಯ ಕಾಡುಗೊಲ್ಲರು ಜುಂಜಪ್ಪನ ಕಾವ್ಯ ಹಾಡುವಾಗ ನುಡಿಸುವ ಗಣೆಯನ್ನು ಗೋರಿಯೊಡನೆ ಜೋಡಿಸುವ ಆಸೆ ಸಂಶೋಧಕರಿಗೆ ಬರುವುದು ಸಹಜ. ಆದರೆ ಗಣೆ ದನಗಾಹಿಯ ವಾದ್ಯ. ಪಶುಪಾಲಕರ ಸಂಪ್ರದಾಯವನ್ನು ಬೇಟೆಯ ಸಂಪ್ರದಾಯದೊಳಗೆ ಬೆರೆಸುವುದಕ್ಕೆ ಆಧಾರವಿಲ್ಲ.

ಬೇಟೆಯ ಪರಿಕರವೆಂದರೆ ಬಿಲ್ಲು ಬಾಣವೆಂಬ ಭಾವನೆ ಬಲವಾಗಿದೆ. ಇದಕ್ಕೆ ರಂಗಭೂಮಿಯೂ ಕಾರಣ. ಇದೇ ಜಿಲ್ಲೆಯ ಗುಬ್ಬಿ ವೀರಣ್ಣನವರ ಕಂಪನಿಯ ರಂಗದ ಮೇಲಿನಿಂದ 1954ರಲ್ಲಿ ತೆರೆಗೆ ಬಂದ 'ಬೇಡರ ಕಣ್ಣಪ್ಪ' ಚಿತ್ರದ ಬಿಲ್ಲುಗಾರ ಕನ್ನಡಿಗರ ಕಣ್ಣಲ್ಲಿ ಬೇಡನ ರೂಪವನ್ನೇ ನಿಲ್ಲಿಸಿಬಿಟ್ಟ. ಬಯಲುಸೀಮೆಯ ಜಿಂಕೆಬೇಟೆಯಲ್ಲಿ ನಿಜವಾಗಿ ಮುಖ್ಯವಾದುದು ಹಗ್ಗ. ಮರೆಯಿಲ್ಲದ ಬಯಲಲ್ಲಿ ಬಾಣದ ಅಳತೆಗೆ ಚಿಗರೆ ದೊರೆಯುವುದೇ ಇಲ್ಲ. ಆದ್ದರಿಂದ ಪ್ರಾಣಿಯ ಬಳಿಗೆ ಬೇಟೆಗಾರ ಹೋಗುವ ಬದಲು ಹಗ್ಗವಿರುವಲ್ಲಿಗೆ ಪ್ರಾಣಿಯನ್ನು ಬರಿಸಬೇಕು. ಹಳೆಯ ಕಾವ್ಯಗಳಲ್ಲಿ ಬರುವ 'ಬೆಳ್ಳಾರ' ಇಂಥ ದೊಡ್ಡ ಬೇಟೆಬಲೆ. ರಾಘವಾಂಕನ 'ಹರಿಶ್ಚಂದ್ರ ಕಾವ್ಯ'ದ ಬೇಟೆಯ ಪ್ರಸಂಗ ಈ ಬಗೆಯ ಸಿದ್ಧತೆಯ ಭರಾಟೆಯನ್ನು ಅರಿಯಲು ಒಳ್ಳೆಯ ಆಕರ. ಪ್ರಾಣಿಗಳನ್ನು ಎಬ್ಬಿಸಿ ಒಂದು ದಿಕ್ಕಿಗೆ ಅಟ್ಟುವುದಕ್ಕೆ 'ಸೋವು' ಎಂದು ಹೆಸರು.

ಬಲೆಗಿಂತ ಹಗುರವಾದುದು ಉರುಲುಗಳ ಸಾಲು. ಉತ್ತರ ಕರ್ನಾಟಕದ ಹರಣಶಿಕಾರಿಗಳ ಹೆಸರೇ ಜಿಂಕೆಬೇಟೆಯಿಂದ ಬಂದದ್ದು. ಅವರ ಬಂಧುವರ್ಗವಾದ ಪಾರ್ಧಿಗಳ ವಿಧಾನವನ್ನು ಇಪ್ಪತ್ತನೆಯ ಶತಮಾನದ ಆರಂಭದ ಜನಾಂಗ ವಿವರಣೆಗಳು ದಾಖಲಿಸಿವೆ. ನರ ಅಥವಾ ತೊಗಲಿನಿಂದ ಹೊಸೆದ ಉರುಲುಗಳನ್ನು ಉದ್ದನೆಯ ಹಗ್ಗಕ್ಕೆ ಕಟ್ಟಿ, ಗೂಟ ಹೊಡೆದು, ಹಿಂಡು ಸಾಗುವ ದಾರಿಗೆ ಅಡ್ಡಲಾಗಿ ನೆಲಮಟ್ಟದಲ್ಲಿ ಹಾಸುತ್ತಿದ್ದರು. ಬಳಿಕ ಹಿಂಡನ್ನು ಬೆದರಿಸದೆ, ಮೆಲ್ಲಗೆ, ಅದಕ್ಕೆ ಅರಿವಾಗದಂತೆ ಅತ್ತ ತಿರುಗಿಸುತ್ತಿದ್ದರು. ಬೆದರಿದ ಚಿಗರೆ ನೆಗೆಯುತ್ತದೆ, ನೆಗೆದದ್ದು ಉರುಲನ್ನು ದಾಟುತ್ತದೆ. ನಡೆಯುವ ಚಿಗರೆ ಮಾತ್ರ ಸಿಗುತ್ತದೆ. ಈ ವಿದ್ಯೆಯ ತಿರುಳು ಗಂಟಿನಲ್ಲಿದ್ದಷ್ಟೇ ಈ ತಾಳ್ಮೆಯಲ್ಲಿಯೂ ಇದೆ. ಎತ್ತಿನ ಮರೆಯಲ್ಲಿ ನಡೆದು ಹಿಂಡನ್ನು ಸಮೀಪಿಸುವ ಪದ್ಧತಿಯೂ ಇದೇ ತಾಳ್ಮೆಯ ಇನ್ನೊಂದು ರೂಪ. ಕಾವಲಿನಲ್ಲಿ ದಿನವೂ ದನ ಕಾಣುವ ಚಿಗರೆಗೆ ಎತ್ತಿನಿಂದ ಭಯವಿಲ್ಲ. ಬೇಟೆಗಾರ ಆ ನಂಬಿಕೆಯನ್ನೇ ಬಳಸಿಕೊಂಡ.

ನೊಣವಿನಕೆರೆಯಂಥ ಸೀಮೆಯಲ್ಲಿ ತೆಂಗಿನ ನಾರು ಧಾರಾಳವಾಗಿದ್ದರೂ ಅದರ ಹಗ್ಗ ಒರಟು, ತೂಕದ್ದು, ಬೇಗ ಜಾರಿ ಬಿಗಿಯದು. ಅದು ಬಾವಿಗೆ, ಗಾಡಿಗೆ, ಹೊರೆಗೆ ಒಪ್ಪುವ ಹಗ್ಗ. ಬಲೆಗೆ ಸೆಣಬಿನ ಹುರಿ, ಉರುಲಿಗೆ ನರ ಎಂಬ ಆಯ್ಕೆಯ ಹಿಂದೆ ಇರುವುದು ಈ ವಸ್ತುಜ್ಞಾನ. ಕರುವಿನ ಕೊರಳಿಗೆ ಹಾಕುವ ಕುಣಿಕೆಯನ್ನು ರೈತ 'ಕಣ್ಣಿ' ಎನ್ನುತ್ತಾನೆ. ಬೇಟೆಯ ಕುಣಿಕೆಗೂ ಅದೇ ಮಾತು ಸಲ್ಲುತ್ತದೆ. ಒಂದು ಬಿಗಿದಷ್ಟೂ ಕೊರಳಿಗೆ ನೋವಾಗದಂತೆ ನಿಲ್ಲಬೇಕು, ಇನ್ನೊಂದು ಎಳೆದಷ್ಟೂ ಬಿಗಿಯಬೇಕು. ವಸ್ತುಸಂಗ್ರಹಾಲಯಗಳಲ್ಲಿ ಇಂಥ ಹಗ್ಗಗಳಿಗೆ ಹೆಸರಿನ ಚೀಟಿ ಅಂಟಿಸಲಾಗುತ್ತದೆ. ಗಂಟಿನ ಈ ವ್ಯತ್ಯಾಸವನ್ನು ಯಾವ ಚೀಟಿಯೂ ತಿಳಿಸುವುದಿಲ್ಲ.

ಪರಿಕರದಷ್ಟೇ ಮಹತ್ವದ್ದು ನೆಲದ ಅರಿವು. ಗಾಳಿ ಎತ್ತಲಿಂದ ಬೀಸುತ್ತದೆಂಬುದು ಮೊದಲ ಪ್ರಶ್ನೆ. ಹಿಡಿ ಧೂಳನ್ನು ತೂರಿ ನೋಡಿ, ಗಾಳಿಗೆ ಎದುರಾಗಿಯೇ ಮೃಗದತ್ತ ಸಾಗಬೇಕು. ಬೆನ್ನಿಗೆ ಗಾಳಿಯಿದ್ದರೆ ಮನುಷ್ಯನಿಗಿಂತ ಮುಂಚೆ ಅವನ ವಾಸನೆ ತಲುಪುತ್ತದೆ. ಹೆಜ್ಜೆಯ ಅಂಚು ಚೂಪಾಗಿದ್ದರೆ ಹೊಸದು, ಕುಸಿದಿದ್ದರೆ ಹಳೆಯದು. ಇಬ್ಬನಿ ಅಳಿಸಿದ ಹುಲ್ಲಿನ ದಾರಿ ಬೆಳಗಿನ ನಡೆಯನ್ನು ತೋರುತ್ತದೆ. ಬೇಸಗೆಯಲ್ಲಿ ಹಳ್ಳಗಳು ಬತ್ತಿದಾಗ ಕೆರೆಯಂಗಳದ ಕೆಸರೇ ಓದುವ ಹಾಳೆ. 'ಮಾನಸೋಲ್ಲಾಸ' ಹೇಳುವ ನೀರಿನ ನೆಲೆಯ ಬೇಟೆಗೂ ಕೆರೆಗಳ ಈ ಸೀಮೆಗೂ ಇರುವ ಹೊಂದಿಕೆಯನ್ನು ಬೇರೆ ಹೇಳಬೇಕಾಗಿಲ್ಲ. ರಾತ್ರಿಯ ಬೇಟೆಯಲ್ಲಿ ದೀಪ ಮತ್ತು ಗಂಟೆಗಳ ಬಳಕೆ ದಕ್ಷಿಣ ಭಾರತದ ಹಲವೆಡೆ ಇತ್ತು. ದೀಪ ಪ್ರಾಣಿಯ ಕಣ್ಣನ್ನು ಕಟ್ಟಿದರೆ, ಗಂಟೆಯ ನಾದ ಹೆಜ್ಜೆಯ ಸದ್ದನ್ನು ಮುಚ್ಚುತ್ತದೆ.

ನಾಯಿಯ ವಿಷಯದಲ್ಲಿ ಕನ್ನಡ ನಾಡಿಗೆ ಅಪೂರ್ವವಾದ ದಾಖಲೆಯಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಶಾಸನ, ತಕ್ಕೋಲದ ಯುದ್ಧದ ನಂತರ ಮಣಲೆರ ತನ್ನ ಒಡೆಯ ಬೂತುಗನಿಂದ ಬೇಡಿ ಪಡೆದ 'ಕಾಳಿ' ಎಂಬ ನಾಯಿ ಹಂದಿಯೊಡನೆ ಹೋರಾಡಿ, ಎರಡೂ ಸತ್ತುದನ್ನು ಹೇಳುತ್ತದೆ. ಜಿಂಕೆಬೇಟೆಯ ನಾಯಿಗೆ ಕಲ್ಲು ನಿಂತುದು ತಿಳಿದಿಲ್ಲ. ಓಡುವ ಮೃಗವನ್ನು ಹಿಡಿದ ನಾಯಿಗೆ ವೀರಮರಣ ಒದಗುವ ಸಂದರ್ಭವೇ ಕಡಿಮೆ. ಜಿಂಕೆಯ ಬೆನ್ನಟ್ಟಲು ಅರಸರು ನೆಚ್ಚಿದ್ದು ಚೀತಾವನ್ನು. ಕನ್ನಡದಲ್ಲಿ ಇದಕ್ಕೆ 'ಸಿವಂಗಿ' ಎಂಬ ಹೆಸರಿತ್ತು. ಟಿಪ್ಪುವಿನ ಬಳಿಯಿದ್ದ ಬೇಟೆಯ ಸಿವಂಗಿಗಳು 1799ರ ನಂತರ ಇಂಗ್ಲಿಷರ ಕೈಸೇರಿದವು. 1952ರಲ್ಲಿ ಭಾರತದಲ್ಲಿ ಈ ಪ್ರಾಣಿ ಅಳಿಯಿತೆಂದು ಸಾರಲಾಯಿತು. 2022ರಲ್ಲಿ ಮಧ್ಯಪ್ರದೇಶದ ಕುನೋಗೆ ಆಫ್ರಿಕದಿಂದ ತಂದಾಗ 'ಸಿವಂಗಿ' ಎಂಬ ಮಾತು ಬಹುತೇಕ ಕನ್ನಡಿಗರಿಗೆ ಮರೆತುಹೋಗಿತ್ತು.

ಕೋವಿಯ ಆಗಮನ ಈ ಎಲ್ಲವನ್ನೂ ಬದಲಿಸಿತು. ಬತ್ತಿಯಿಂದ ಹೊತ್ತಿಸುವ ಜಾಮಗಿ ಬಂದೂಕು, ಆಮೇಲೆ ಕೇಪಿನ ಕೋವಿ, ಕೊನೆಗೆ ತೋಟಾ ಕೋವಿ ಎಂಬುದು ಇದರ ಕ್ರಮ. ಬಾಯಿಯಿಂದ ಮದ್ದು ತುಂಬುವ ಕೋವಿಗೆ ಮದ್ದಿನ ಕೊಂಬು, ಚರೆಯ ಚೀಲ, ಗಜ ಇವೆಲ್ಲ ಬೇಕಿದ್ದವು. ಮಳೆಯಲ್ಲಿ ಮದ್ದು ತೇವವಾದರೆ ಎಲ್ಲವೂ ವ್ಯರ್ಥ. ವಿಶೇಷವೆಂದರೆ ಮಲೆನಾಡಿನಲ್ಲಿ ಕೋವಿ ಹಿಡಿದು ಕಾಯುವ ಜಾಗಕ್ಕೆ 'ಬಿಲ್ಲು' ಎಂಬ ಹೆಸರೇ ಉಳಿಯಿತು. 'ಬಿಲ್ಲಿಗೆ ಕೂರುವುದು' ಎಂಬ ಮಾತಿನಲ್ಲಿ ಆಯುಧ ಬದಲಾದರೂ ಪದ ಬದಲಾಗಲಿಲ್ಲ. ಮರೆಯಲ್ಲಿ ಅಡಗಿ ಕಾಯುವ 'ಮರಸು', ಕೋವಿಗೊಂದು, ನಾಯಿಗೊಂದು ಎಂದು ಮಾಂಸ ಹಂಚುವ ಪಾಲಿನ ಕ್ರಮ ಇವೂ ಅಲ್ಲಿಯ ಸಾಹಿತ್ಯದಿಂದಾಗಿ ಪರಿಚಿತ. ಕುವೆಂಪು ಅವರ ಬರೆಹದಿಂದ ಮಲೆನಾಡಿನ ಬೇಟೆಗೆ ದೊರೆತ ಅಕ್ಷರಭಾಗ್ಯ ಬಯಲುಸೀಮೆಯ ಬೇಟೆಗೆ ದೊರೆಯಲಿಲ್ಲ. ನೊಣವಿನಕೆರೆ ಸೀಮೆಯ ಪರಿಭಾಷೆ ತೆಳುವಾಗಿ ಕಾಣುವುದಕ್ಕೆ ಈ ಕೊರತೆ ಒಂದು ಕಾರಣ.

ಬೇಟೆಗಾರನನ್ನು ಸಮಾಜ ಕಂಡ ಬಗೆಯಲ್ಲಿ ಒಂದು ವಿರೋಧಾಭಾಸವಿದೆ. ಉಪನಯನದಲ್ಲಿ ವಟುವಿಗೆ ಕಟ್ಟಲು ಕೃಷ್ಣಾಜಿನದ ತುಂಡು ಬೇಕು. ಜಪಕ್ಕೆ ಕುಳಿತವರಿಗೆ ಅಜಿನದ ಆಸನ ಬೇಕು. ವೈದ್ಯರಿಗೆ ಸಾರಂಗದ ಕೊಂಬು ಬೇಕು. ರಾಗಿ ತೆನೆಗಟ್ಟುವ ಕಾಲದಲ್ಲಿ ಹಿಂಡು ಹೊಲಕ್ಕಿಳಿದರೆ ಅಟ್ಟಣೆಯ ಮೇಲಿನ ಕವಣೆಯೊಂದೇ ಸಾಲದು, ಬೇಟೆಗಾರನೂ ಬೇಕು. ಇಷ್ಟೆಲ್ಲ ಬೇಕಾದವನನ್ನು ಊರ ಹೊರಗೆ ಇರಿಸಲಾಯಿತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ಹಾಗೂ ಅದರ ಮುಂದಿನ ರೂಪಗಳು ಅಲೆಮಾರಿ ಬೇಟೆಗಾರ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬಗೆದವು. ಮುಂಬಯಿ ಪ್ರಾಂತ್ಯದಲ್ಲಿದ್ದ ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಇಂಥ ಸಮುದಾಯಗಳನ್ನು ಬೇಲಿಯೊಳಗೆ ನೆಲೆಗೊಳಿಸಿದ ಜಾಗಗಳಿಗೆ 'ಸೆಟ್ಲಮೆಂಟ್' ಎಂಬ ಹೆಸರು ಇಂದೂ ಅಂಟಿಕೊಂಡಿದೆ. ಕಾಯಿದೆ 1952ರಲ್ಲಿ ರದ್ದಾಯಿತು.

ಮೈಸೂರು ಸಂಸ್ಥಾನದಲ್ಲಿ 1901ರ ಬೇಟೆ ಮತ್ತು ಮೀನು ಸಂರಕ್ಷಣಾ ರೆಗ್ಯುಲೇಷನ್ ಬೇಟೆಯನ್ನು ನಿಯಮದ ಚೌಕಟ್ಟಿಗೆ ತಂದಿತು. ಪರವಾನಗಿ ಎಂಬ ಕಾಗದ ಓದುಬರಹ ಬಲ್ಲವನಿಗೆ, ಕೋವಿಯುಳ್ಳವನಿಗೆ ಒದಗುವಂಥದು. ಉರುಲು ಹೊಸೆಯುವವನಿಗೆ ಒದಗುವಂಥದಲ್ಲ. ಒಂದೇ ಮೃಗವನ್ನು ಕೊಂದವರಲ್ಲಿ ಒಬ್ಬ ಶಿಕಾರಿಯ ಗೌರವಕ್ಕೆ, ಇನ್ನೊಬ್ಬ ಕಳ್ಳಬೇಟೆಯ ಆರೋಪಕ್ಕೆ ಗುರಿಯಾದುದು ಹೀಗೆ. 1963ರ ಮೈಸೂರು ವನ್ಯಪ್ರಾಣಿ ಮತ್ತು ಪಕ್ಷಿ ಸಂರಕ್ಷಣಾ ಅಧಿನಿಯಮ, ಬಳಿಕ 1972ರ ಕೇಂದ್ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈ ಭೇದವನ್ನು ಅಳಿಸುತ್ತ ಬಂದವು. ಕೃಷ್ಣಮೃಗ ಮೊದಲನೆಯ ಅನುಸೂಚಿಗೆ ಸೇರಿತು. ಈ ನಿಷೇಧ ಅನಿವಾರ್ಯವಾಗಿತ್ತು ಎಂಬುದರಲ್ಲಿ ಎರಡು ಮಾತಿಲ್ಲ; ಕೋವಿ ಮತ್ತು ಜೀಪುಗಳ ಎದುರು ಬಯಲಿನ ಹಿಂಡುಗಳು ಉಳಿಯುವಂತಿರಲಿಲ್ಲ. ಆದರೆ ಕಾವಲುಗಳು ಒತ್ತುವರಿಯಾಗಿ, ಗೋಮಾಳಗಳು ಹೊಲವಾಗಿ, ಹೊಲಗಳು ತೋಟವಾದುದರ ಹೊಣೆಯನ್ನೂ ಉರುಲಿನವನ ತಲೆಗೇ ಕಟ್ಟುವುದು ನ್ಯಾಯವಲ್ಲ. ಚಿಗರೆಗೆ ಬೇಕಾದುದು ಮರವಿಲ್ಲದ ಬಯಲು. ತೆಂಗಿನ ನೆರಳಿನಲ್ಲಿ ಅದು ಬದುಕಲಾರದು.

ಜಾನಪದ ಅಧ್ಯಯನಕ್ಕೆ ಇಲ್ಲಿ ಸೂಕ್ಷ್ಮವಾದ ಸಮಸ್ಯೆಯೊಂದು ಎದುರಾಗುತ್ತದೆ. ಬೇಟೆಯ ತಿಳಿವಳಿಕೆಯುಳ್ಳ ಹಿರಿಯರು ಮಾತನಾಡಲು ಹಿಂಜರಿಯುವುದು ಸಹಜ. ಹೇಳಿದ ಮಾತು ತಪ್ಪೊಪ್ಪಿಗೆಯಾದೀತೆಂಬ ಭಯ ಅವರಿಗಿದೆ. ಸಂಗ್ರಾಹಕ ಹೆಸರು, ಊರು, ವರ್ಷಗಳನ್ನು ಬರೆದುಕೊಳ್ಳುವ ರೂಢಿಯನ್ನು ಈ ವಿಷಯದಲ್ಲಿ ಬಿಡಲೇಬೇಕು. ಕೇಳಬೇಕಾದುದು ಎಷ್ಟು ಕೊಂದಿರೆಂಬುದನ್ನಲ್ಲ. ಹೆಜ್ಜೆ, ಗಾಳಿ, ಹುಲ್ಲು, ಗಂಟುಗಳಿಗೆ ಅವರಲ್ಲಿರುವ ಹೆಸರುಗಳನ್ನು. ಹಿಂಡು ಎಲ್ಲಿ ಮಲಗುತ್ತಿತ್ತು, ಯಾವ ಕೆರೆಗೆ ಇಳಿಯುತ್ತಿತ್ತು ಎಂಬ ನೆನಪು ಇಂದು ಅರಣ್ಯ ಇಲಾಖೆಗೂ ಬೇಕಾದ ಮಾಹಿತಿ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ 798 ಎಕರೆ ಬಯಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲಾಯಿತು. ಚಿಕ್ಕನಾಯಕನಹಳ್ಳಿಗೆ ಉತ್ತರದ ಬುಕ್ಕಾಪಟ್ಟಣದ ಕುರುಚಲು ಕಾಡು 2019ರಲ್ಲಿ ಚಿಂಕಾರ ವನ್ಯಜೀವಿಧಾಮವೆಂದು ಘೋಷಿತವಾಯಿತು. ಚಿಗರೆ, ಚಿಂಕಾರ, ಕೊಂಡುಕುರಿ ಮೂರೂ ಅಲ್ಲಿ ಇನ್ನೂ ಇವೆ. ಜರ್ಡನ್‌ಗೆ ದೊರೆತಿದ್ದ 'ಬುದರಿ' ಎಂಬ ಹೆಸರು ಆ ಕಾಡಿನ ಅಂಚಿನ ಹಳ್ಳಿಗಳಲ್ಲಿ ಉಳಿದಿದೆಯೇ ಎಂಬುದನ್ನು ಹೋಗಿ ಕೇಳುವ ಕೆಲಸ ಬಾಕಿಯಿದೆ.